ಉಗುಳು ಬತ್ತಿದ ಮೇಲೆ

ಟಿಕೆಟ್ ಮಷೀನು ಬರುವ ಮೊದಲು ಕಂಡಕ್ಟರನ ನಾಲಿಗೆಗೂ ಹೆಬ್ಬೆರಳಿಗೂ ಒಂದು ನಂಟಿತ್ತು. ದರಕ್ಕೊಂದು ಬಣ್ಣದ ಟಿಕೆಟ್ಟುಗಳು ಕಟ್ಟುಕಟ್ಟಾಗಿ ಕೈಯಲ್ಲಿರುತ್ತಿದ್ದವು. ಕಾಗದ ತೆಳು, ಬಸ್ಸಿನ ಕುಲುಕಾಟ ಬೇರೆ. ಒಂದರ ಬದಲು ಎರಡು ಹರಿದರೆ ಕೈಯಿಂದ ಕಟ್ಟಬೇಕು. ಹಾಗಾಗಿ ಹೆಬ್ಬೆರಳನ್ನು ನಾಲಿಗೆಗೆ ತಾಗಿಸುವುದು, ಟಿಕೆಟ್ಟನ್ನು ಸರ್ರನೆ ಎಳೆಯುವುದು. ದಿನಕ್ಕೆ ನೂರಾರು ಸಲ. "ಎಂಜಲ ಹಚ್ಚಿ ಕೊಡ್ತೀಯಲ್ಲೋ ತಮ್ಮಾ" ಎಂದು ಜಗಳ ತೆಗೆದ ಅಜ್ಜಿಯರೂ ಇದ್ದರು. ನಾನು ನಕ್ಕು ಮುಂದಿನ ಸೀಟಿಗೆ ಹೋಗುತ್ತಿದ್ದೆ. ಎಂಜಲು ಖರ್ಚಾಗುವ ವಸ್ತು ಎಂದು ಯಾರಿಗೆ ಗೊತ್ತಿತ್ತು?

ಈಗಲೂ ಪೇಪರಿನ ಪುಟ ತಿರುವುವಾಗ ಹೆಬ್ಬೆರಳು ತಾನಾಗಿ ಬಾಯಿಗೆ ಹೋಗುತ್ತದೆ. ಒಣಗಿದ್ದು ಒಳಗೆ ಹೋಗಿ ಒಣಗಿದ್ದೇ ಹೊರಗೆ ಬರುತ್ತದೆ.

ನಾನು ಗದಗ ಜಿಲ್ಲೆ ಮುಂಡರಗಿ ತಾಲೂಕಿನವನು. 1984ರಲ್ಲಿ ಕೆಎಸ್‌ಆರ್‌ಟಿಸಿ ಸೇರಿದೆ, 1997ರಲ್ಲಿ ನಮ್ಮ ಭಾಗ ವಾಯವ್ಯ ಕರ್ನಾಟಕ ಸಾರಿಗೆಯಾಯಿತು, 2018ರಲ್ಲಿ ನಿವೃತ್ತನಾದೆ. ಬಹುಕಾಲ ಓಡಾಡಿದ್ದು ಹುಬ್ಬಳ್ಳಿ-ಧಾರವಾಡದ ನಡುವೆ. ನವನಗರ ಬಂದಾಗ "ಕ್ಯಾನ್ಸರ್ ದವಾಖಾನಿ ಇಳಿಯೋರು ಮುಂದ ಬರ್ರಿ" ಎಂದು ಒದರುತ್ತಿದ್ದವನು ನಾನು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು. ಗುಟ್ಕಾ ಚೆಲ್ಲದಂತೆ ಒದರುವುದೂ ಒಂದು ವಿದ್ಯೆ: ಮುಖ ಸ್ವಲ್ಪ ಮೇಲೆತ್ತಿ, ಕೆಳದುಟಿಯನ್ನು ದೋಣಿಯಂತೆ ಮುಂದೆ ಚಾಚಬೇಕು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ನನಗೆ ಅದು ಒಂದು ವರ್ಷ ಮೊದಲೇ ನಿಷೇಧವಾಯಿತು.

2012ರ ಮಳೆಗಾಲದಲ್ಲಿ ಗಡ್ಡ ಹೆರೆಯುವಾಗ ಕುತ್ತಿಗೆಯ ಎಡಗಡೆ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ಕ್ಯಾನ್ಸರಿನ ಮೂಲ ಇದ್ದದ್ದು ನಾಲಿಗೆಯ ಬುಡದಲ್ಲಿ. ಮಗ ಬೆಂಗಳೂರಿನಲ್ಲಿದ್ದ ಕಾರಣ ಅಲ್ಲಿಯೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ. ಆಪರೇಷನ್ ಬೇಡ ಎಂದರು. ವಾರಕ್ಕೊಂದು ಸಲ ಕೀಮೋ, ಸೋಮವಾರದಿಂದ ಶುಕ್ರವಾರ ದಿನಾ ವಿಕಿರಣ, ಒಟ್ಟು 35 ದಿನ.

ವಿಕಿರಣ ಅನ್ನುವುದು ಪುಸ್ತಕದ ಮಾತು. ಸಾಲಿನಲ್ಲಿ ಕೂತವರೆಲ್ಲ ಹೇಳುತ್ತಿದ್ದದ್ದು "ಕರೆಂಟು" ಎಂದೇ. "ನಿಮಗ ಎಷ್ಟು ಕರೆಂಟ್ ಆತ್ರಿ?" "ಹನ್ನೊಂದು. ನಿಮಗ?" ಅದು ಕರೆಂಟಲ್ಲ, ಎಕ್ಸ್-ರೇಯ ಜಾತಿಯದೇ, ಆದರೆ ಅದಕ್ಕಿಂತ ಬಹಳ ಬಲವಾದ ಕಿರಣ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಅದನ್ನು ಅಳೆಯುವ ಮಾನಕ್ಕೆ ಗ್ರೇ ಎನ್ನುತ್ತಾರೆ, ಬ್ರಿಟನ್ನಿನ ಭೌತವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರಿನಿಂದ. ನನಗೆ ದಿನಕ್ಕೆ 2 ಗ್ರೇ, ಒಟ್ಟು 70. ಒಂದೇ ಸಲ ಯಾಕೆ ಕೊಡುವುದಿಲ್ಲ ಎಂದು ಕೇಳಿದೆ. ಒಳ್ಳೆಯ ಜೀವಕೋಶಗಳು ಒಂದು ರಾತ್ರಿಯಲ್ಲಿ ತಮ್ಮ ಗಾಯವನ್ನು ಬಹುಮಟ್ಟಿಗೆ ಹೊಲಿದುಕೊಳ್ಳುತ್ತವೆ, ಕ್ಯಾನ್ಸರಿನವಕ್ಕೆ ಆ ಕಸುಬು ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಕಂತುಕಂತಾಗಿ ಎಂದರು. ನಾನು ನನ್ನ ಭಾಷೆಗೆ ತಿರುಗಿಸಿಕೊಂಡೆ: ಸ್ಟೇಜ್ ಸ್ಟೇಜಿಗೆ ಟಿಕೆಟ್ ಹರಿಯುತ್ತಾರೆ, ಊರಿನ ತನಕ ಒಂದೇ ಸಲ ಹರಿಯುವುದಿಲ್ಲ.

ಆ ಏಳು ವಾರಗಳ ಕಥೆ ಬೇಡ. ಬಾಯಿ ಹುಣ್ಣಾಯಿತು, ಕುತ್ತಿಗೆ ಸುಟ್ಟ ಬದನೆಕಾಯಿಯಾಯಿತು, ಮೂಗಿನಿಂದ ನಳಿಗೆ ಹಾಕಿದರು, 14 ಕಿಲೋ ಇಳಿದೆ. ಅದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಕೇಳುತ್ತಾರೆ, ಅದು ಮುಗಿಯುತ್ತದೆ ಕೂಡ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮಂದಿ ಹಾರ ಹಾಕುವುದೊಂದು ಬಾಕಿ. ಮೂರು ತಿಂಗಳ ಮೇಲೆ ಸ್ಕ್ಯಾನ್ ಮಾಡಿ ರೋಗ ಕಾಣುತ್ತಿಲ್ಲ ಎಂದರು. ಹದಿಮೂರು ವರ್ಷವಾಯಿತು, ಇಂದಿಗೂ ಕಾಣುತ್ತಿಲ್ಲ. ನಾನು ಬರೆಯಲು ಕೂತದ್ದು ಆಮೇಲಿನ ಕಥೆ. ಕರೆಂಟು ನಿಂತ ದಿನ ಅದರ ಕೆಲಸ ನಿಲ್ಲುವುದಿಲ್ಲ. ಸಣ್ಣ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಮೆಲ್ಲಗೆ ಕಿರಿದಾಗುತ್ತ ಹೋಗುತ್ತವೆ, ಮೆತ್ತಗಿದ್ದ ಮಾಂಸ ಹದ ಮಾಡಿದ ತೊಗಲಿನ ಹಾಗೆ ಬಿಗಿಯುತ್ತದೆ. ಕೆಲವು ತೊಂದರೆಗಳು ಮೂರು ತಿಂಗಳಿಗೆ ಬರುತ್ತವೆ, ಕೆಲವು ಮೂರು ವರ್ಷಕ್ಕೆ, ಕೆಲವು ಹತ್ತು ದಾಟಿದ ಮೇಲೆ.

ಮೊದಲು ಬಂದದ್ದು ತಮಾಷೆಯದು. 2013ರ ಮಾರ್ಚ್ ಇರಬೇಕು. ಚಪ್ಪಲಿ ಹಾಕಿಕೊಳ್ಳಲು ಗದ್ದವನ್ನು ಎದೆಗೆ ತಂದು ಬಗ್ಗಿದೆ. ಕುತ್ತಿಗೆಯಿಂದ ಬೆನ್ನಹುರಿಗುಂಟ ಎರಡೂ ಅಂಗಾಲಿನ ತನಕ ಜುಂ ಎಂದು ಹರಿಯಿತು, ಥೇಟ್ ಸ್ವಿಚ್‌ಬೋರ್ಡ್ ಮುಟ್ಟಿದ ಹಾಗೆ. ಮತ್ತೆ ಬಗ್ಗಿದೆ, ಮತ್ತೆ ಹೊಡೆಯಿತು. ಹೆಂಡತಿಗೆ ಹೇಳಿದರೆ ಅವಳು, "ಕೊಟ್ಟ ಕರೆಂಟು ಒಳಗ ಉಳದೈತೇನ್ರೀ?" ಎಂದು ನನ್ನನ್ನು ಮುಟ್ಟಲು ಅರೆಗಳಿಗೆ ಹಿಂದೆ ಮುಂದೆ ನೋಡಿದಳು. ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಹೊರಗಿನ ಯಂತ್ರದಿಂದ ಕೊಡುವ ಚಿಕಿತ್ಸೆಯಲ್ಲಿ ಯಂತ್ರ ಆರಿಸಿದ ಕ್ಷಣವೇ ಅದು ಮುಗಿಯಿತು, ಮೊಮ್ಮಗುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ. ಬಗ್ಗಿದಾಗ ಹೊಡೆದದ್ದು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಗೆ ಆದ ತಾತ್ಕಾಲಿಕ ಪೆಟ್ಟು. ಡಾಕ್ಟರಮ್ಮ ಪರೀಕ್ಷಿಸಿ, ತಾನಾಗಿ ಹೋಗುತ್ತದೆ ಎಂದರು. ನಾಲ್ಕು ತಿಂಗಳಿಗೆ ಹೋಯಿತು.

ಹೋಗದೆ ಉಳಿದದ್ದು ಬಾಯಿಯ ಬರಗಾಲ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಉಗುಳು ಊರುತ್ತದೆ. ಕಿವಿಯ ಮುಂದೆ ಒಂದು ಜೋಡಿ ಗ್ರಂಥಿ, ದವಡೆಯ ಕೆಳಗೆ ಒಂದು ಜೋಡಿ, ನಾಲಿಗೆಯ ಅಡಿಯಲ್ಲಿ ಒಂದು ಜೋಡಿ. ಊಟಕ್ಕೆ ಕೂತಾಗ ನೀರಿನಂಥ ತೆಳು ಉಗುಳನ್ನು ಹರಿಸುವುದು ಮುಖ್ಯವಾಗಿ ಕಿವಿಯ ಮುಂದಿನ ಜೋಡಿ. ಅದರ ಕೋಶಗಳು ವಿಕಿರಣಕ್ಕೆ ತೀರ ನಾಜೂಕು, ಮೊದಲ ಎರಡು ವಾರದಲ್ಲೇ ಸೊರಗುತ್ತವೆ. ಉಳಿಯುವುದು ಅಂಟಂಟು ಲೋಳೆ. ಬೆಳಿಗ್ಗೆ ಎದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಬಿಡಿಸಿದರೆ ಅಂಟುಟೇಪು ಕಿತ್ತ ಸದ್ದು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಪಕ್ಕದಲ್ಲಿ ಮಲಗಿದ ನನ್ನ ಹೆಂಡತಿಗೆ ಆ ಸದ್ದು ಕೇಳಿಸುತ್ತದೆ.

ರಾತ್ರಿ ನಾಲ್ಕು ಸಲ ನೀರಿಗೆ ಏಳುತ್ತೇನೆ. ನಾಲ್ಕು ಸಲ ನೀರು ಕುಡಿದವನು ಎರಡು ಸಲವಾದರೂ ಬಚ್ಚಲಿಗೆ ಏಳಬೇಕು. ನಿದ್ದೆ ಎಂಬುದು ನನಗೆ ನಾನ್‌ಸ್ಟಾಪ್ ಬಸ್ಸಲ್ಲ, ಪ್ರತಿ ಸ್ಟಾಪಿಗೂ ನಿಲ್ಲುವ ಶಟಲ್. ಉಗುಳು ಊರಿಸುವ ಪೈಲೋಕಾರ್ಪಿನ್ ಎಂಬ ಗುಳಿಗೆ ಬರೆದುಕೊಟ್ಟಿದ್ದರು. ಕೆಲವರಿಗೆ ಅದು ಚೆನ್ನಾಗಿ ಒಗ್ಗುತ್ತದಂತೆ. ನನಗೆ ಬಾಯಿ ತೊಯ್ಯುವ ಬದಲು ಅಂಗಿ ತೊಯ್ದಿತು. ಬೆವರು ಹರಿಸುವುದೂ ಆ ಗುಳಿಗೆಯ ಗುಣವೇ. ಬಿಟ್ಟೆ. ಮಲಗುವಾಗ ನಾಲಿಗೆಗೂ ತುಟಿಗೂ ಒಂದಿಷ್ಟು ತುಪ್ಪ ಸವರಿಕೊಳ್ಳುತ್ತೇನೆ, ಹಗಲು ಗುಟುಕು ಗುಟುಕು ನೀರು. ಇಷ್ಟೇ ನನ್ನ ಔಷಧಿ.

ಉಗುಳು ಇಲ್ಲದಿದ್ದರೆ ರುಚಿಯೂ ಇಲ್ಲ. ಉಪ್ಪಾಗಲಿ ಬೆಲ್ಲವಾಗಲಿ ಕರಗಿದ ಮೇಲೆಯೇ ನಾಲಿಗೆಗೆ ತಿಳಿಯುವುದು. ಖಾರ ಮಾತ್ರ ಬೆಂಕಿಯಾಗಿ ತಿಳಿಯುತ್ತದೆ. ರಂಜಕ, ಹಸಿಮೆಣಸಿನ ಚಟ್ನಿ ನನ್ನ ಪಾಲಿಗೆ ತೀರಿಹೋದ ನೆಂಟರು. ಧಾರವಾಡ ಪೇಡೆ ಅಂಗುಳಕ್ಕೆ ಸಿಮೆಂಟಿನಂತೆ ಮೆತ್ತಿಕೊಳ್ಳುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ನಷ್ಟ ರೊಟ್ಟಿಯದು. ಜೋಳದ ಕಟಕ್ ರೊಟ್ಟಿ ಮುರಿದು ಬಾಯಿಗಿಟ್ಟರೆ ಅದು ಹಂಚಿನ ಚೂರು. ಎಷ್ಟು ಅಗಿದರೂ ಹಿಟ್ಟಾಗುತ್ತದೆಯೇ ಹೊರತು ತುತ್ತಾಗುವುದಿಲ್ಲ. ಬಿಸಿರೊಟ್ಟಿಯನ್ನು ಸಾರಿನಲ್ಲಿ ಅರ್ಧ ತಾಸು ನೆನೆಯಿಟ್ಟು ತಿನ್ನುವುದು ಕಲಿತೆ. ನುಚ್ಚು-ಮಜ್ಜಿಗೆ, ಅಂಬಲಿ. ಅಂಬಲಿ ಕುಡಿದರೂ ಹೊಟ್ಟೆ ತುಂಬುತ್ತದೆ, ಒಪ್ಪುತ್ತೇನೆ. ರೊಟ್ಟಿ ಬಡಿಯುವ ಸದ್ದು ಅಡುಗೆಮನೆಯಿಂದ ಕೇಳುತ್ತಿರುವಾಗ ಅಂಬಲಿ ಕುಡಿಯುವುದು ಮಾತ್ರ ಬೇರೆ ಸಂಗತಿ.

ಬೆಂಗಳೂರಿನಲ್ಲಿ ಕರೆಂಟಿನ ಸಾಲಿನಲ್ಲಿ ನನ್ನ ಮುಂದಿನ ನಂಬರಿನವರು ಮದ್ದೂರು ಕಡೆಯ ಒಬ್ಬ ಗೌಡರು. ಅವರದೂ ಗಂಟಲು, ಅವರದೂ 35. ಮರುವರ್ಷ ತಪಾಸಣೆಗೆ ಹೋದಾಗ ಒಂದೇ ದಿನ ಸಿಕ್ಕೆವು. ಮಧ್ಯಾಹ್ನ ಆಸ್ಪತ್ರೆ ಎದುರಿನ ಮುದ್ದೆ ಹೋಟೆಲಿಗೆ ಎಳೆದುಕೊಂಡು ಹೋದರು. ನಾನು ಮುದ್ದೆಯ ತುಂಡು ಬಾಯಿಗಿಟ್ಟು, ನಮ್ಮ ಕಡೆಯವರು ಮಾಡುವ ಹಾಗೆ, ಅಗಿಯತೊಡಗಿದೆ. ಅದು ಹಲ್ಲಿಗೂ ವಸಡಿಗೂ ಮೆತ್ತಿಕೊಂಡು ಕಣ್ಣಲ್ಲಿ ನೀರು ಬಂತು. ಗೌಡರು ತಮ್ಮ ತಟ್ಟೆ ಬಿಟ್ಟು ನನ್ನನ್ನೇ ನೋಡಿದರು.

"ಅಯ್ಯೋ ಕಂಡಕ್ಟ್ರೇ, ಅದ್ಯಾಕಂಗೆ ಅಗೀತಾ ಕೂತ್ರಿ? ಅಗಿಯೋಕೆ ಅದೇನ್ ಚಕ್ಲಿಯಾ? ನುಂಗಿ, ನುಂಗಿ."

ಬೆರಳಲ್ಲಿ ಅಡಿಕೆಗಿಂತ ತುಸು ದೊಡ್ಡ ತುಂಡು ಮುರಿದು, ಬಸ್ಸಾರಿನಲ್ಲಿ ಮೂರು ಸಲ ಹೊರಳಿಸಿ, ಮೈಯೆಲ್ಲ ಸಾರು ಮಾಡಿ ನಾಲಿಗೆಯ ಹಿಂದಕ್ಕೆ ಇಟ್ಟುಕೊಂಡರು. ಗಂಟಲಮಣಿ ಒಂದು ಸಲ ಏರಿ ಇಳಿಯಿತು. ಅಷ್ಟೇ. ನನಗೂ ನಾಲ್ಕನೆಯ ತುತ್ತಿಗೆ ಸಾಧ್ಯವಾಯಿತು. 54 ವರ್ಷ ಜೋಳ ತಿಂದ ಮುಂಡರಗಿಯ ಗಂಟಲಿಗೆ ಮಂಡ್ಯದವರು ಊಟ ಮಾಡಲು ಕಲಿಸಿದರು. ಈಗ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ರಾಗಿ ಹಿಟ್ಟು ಕುದಿಯುತ್ತದೆ. ಓಣಿಯವರಿಗೆ ಅದೊಂದು ನಗೆಚಾಟಿಕೆ. ಒಂದು ಮಾತು ಮಾತ್ರ ಹೇಳಲೇಬೇಕು: ನುಂಗುವಾಗ ಕೆಮ್ಮು ಬರುವವರು, ಊಟವಾದ ಮೇಲೆ ದನಿ ಗೊರಗೊರ ಎನ್ನುವವರು ಈ ಸಾಹಸಕ್ಕೆ ಹೋಗಬಾರದು. ವಿಕಿರಣದಿಂದ ಗಂಟಲಿನ ಸ್ನಾಯು ಬಿಗಿದವರಿಗೆ ತುತ್ತು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಅವರು ಮೊದಲು ನುಂಗುವುದನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ನನಗೆ ಆ ಪರೀಕ್ಷೆಯಾಗಿತ್ತು.

ಇನ್ನು ಹಲ್ಲು. ಇದನ್ನು ಬರೆಯುವಾಗ ಇಂದಿಗೂ ಸಿಟ್ಟು ಬರುತ್ತದೆ, ಅರ್ಧ ಸಿಟ್ಟು ನನ್ನ ಮೇಲೆಯೇ.

ಉಗುಳು ಬರೀ ನೀರಲ್ಲ. ಊಟದ ಹುಳಿಯನ್ನು ತಣಿಸುವುದು ಅದು, ಹಲ್ಲಿಗೆ ಸುಣ್ಣದಂಶವನ್ನು ಮರಳಿ ಮೆತ್ತುವುದು ಅದು. ಅದು ಹೋದರೆ ಹಲ್ಲು ವಸಡಿನ ಅಂಚಿನಲ್ಲಿ, ಗೆದ್ದಲು ಹತ್ತಿದ ಕಂಬ ಬುಡದಲ್ಲಿ ಸವೆದಂತೆ, ಸುತ್ತಲೂ ಹುಳುಕಾಗುತ್ತದೆ. 2016ರಲ್ಲಿ ಕೆಳಗಿನ ಎಡಗಡೆಯ ದವಡೆಹಲ್ಲು ನೋಯತೊಡಗಿತು. ಪೇಟೆಯಲ್ಲಿ ಒಬ್ಬ ಹಲ್ಲಿನ ವೈದ್ಯರ ಹತ್ತಿರ ಹೋದೆ. ಕಿತ್ತರು, ಹತ್ತಿ ಇಟ್ಟರು, ದುಡ್ಡು ಕೊಟ್ಟು ಬಂದೆ. ಕರೆಂಟು ಕೊಡಿಸಿಕೊಂಡಿದ್ದೀರಾ ಎಂದು ಅವರು ಕೇಳಲಿಲ್ಲ. ಹೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಹಲ್ಲಿಗೂ ನಾಲ್ಕು ವರ್ಷದ ಹಿಂದಿನ ನಾಲಿಗೆಯ ರೋಗಕ್ಕೂ ಎಲ್ಲಿಯ ಸಂಬಂಧ ಎಂದುಕೊಂಡಿದ್ದೆ.

ಸಂಬಂಧ ಎಲುಬಿನಲ್ಲಿತ್ತು. ಕೆಳದವಡೆಗೆ ರಕ್ತದ ಪೂರೈಕೆ ಮೇಲ್ದವಡೆಗಿಂತ ಮೊದಲೇ ಕಡಿಮೆ. 60 ಗ್ರೇ ದಾಟಿದ ವಿಕಿರಣ ಬಿದ್ದ ಎಲುಬಿನಲ್ಲಿ ಅದು ಇನ್ನೂ ಸೊರಗಿರುತ್ತದೆ. ಅಂಥ ಎಲುಬಿಗೆ ಗಾಯ ಮಾಡಿದರೆ ಮಾಯಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕಿತ್ತ ಜಾಗ ಒಂದು ತಿಂಗಳಾದರೂ ಕೂಡಲಿಲ್ಲ, ಎರಡಾದರೂ ಇಲ್ಲ. ಮೂರನೆಯ ತಿಂಗಳು ನಾಲಿಗೆಯ ತುದಿಗೆ ಅಲ್ಲೊಂದು ಗಟ್ಟಿ, ಒರಟು ಕಾಳು ಸಿಕ್ಕಿತು, ಅನ್ನದಲ್ಲಿ ಉಳಿದ ಹರಳಿನ ಹಾಗೆ. ಕನ್ನಡಿ ಹಿಡಿದು, ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಹಳದಿ ಬಿಳುಪು, ಬಿಳಿಜೋಳದ ಬಣ್ಣ. ಅದು ನನ್ನ ದವಡೆಯ ಎಲುಬು. ಮನುಷ್ಯ ಬದುಕಿರುವಾಗ ತನ್ನ ಎಲುಬನ್ನು ತಾನೇ ನೋಡಬಾರದು.

ಮೊದಲು ಹೆದರಿದ್ದು ಕ್ಯಾನ್ಸರ್ ತಿರುಗಿ ಬಂತೆಂದು. ಬೆಂಗಳೂರಿಗೆ ಓಡಿದೆ. ಅದಲ್ಲ, ವಿಕಿರಣದಿಂದ ಎಲುಬು ಸತ್ತಿರುವುದು ಎಂದರು. ಸತ್ತ ಚೂರನ್ನು ಹೆರೆದು ತೆಗೆದರು. ರಕ್ತದ ಹರಿವನ್ನು ಸಲೀಸು ಮಾಡುವ ಪೆಂಟಾಕ್ಸಿಫಿಲಿನ್ ಗುಳಿಗೆ, ಜೊತೆಗೆ ವಿಟಮಿನ್ ಇ. ಹದಿನಾಲ್ಕು ತಿಂಗಳು ನುಂಗಿದೆ. ಮಾಯಿತು. ಎಲ್ಲರಿಗೂ ಮಾಯುವುದಿಲ್ಲ, ದವಡೆಯ ಒಂದು ಭಾಗವನ್ನೇ ತೆಗೆಸಿಕೊಂಡವರನ್ನು ಅದೇ ಬೆಂಚಿನ ಮೇಲೆ ಕಂಡಿದ್ದೇನೆ.

ಆಮೇಲೆ ತಿಳಿದದ್ದೇನೆಂದರೆ, ಕರೆಂಟು ಶುರುವಾಗುವ ಮೊದಲೇ ಹಲ್ಲಿನ ವೈದ್ಯರು ನೋಡಿ, ಉಳಿಯಲಾರದ ಹಲ್ಲನ್ನು ಎರಡು ಮೂರು ವಾರ ಮುಂಚೆ ಕಿತ್ತು, ಗಾಯ ಮಾಯಲು ಬಿಡುವುದು ಕ್ರಮ. ನನಗೆ ಅದಾಗಲಿಲ್ಲ. ಬಿಡುಗಡೆಯ ದಿನ ಕೊಟ್ಟ ಇಂಗ್ಲಿಷ್ ಕಾಗದದಲ್ಲಿ ಹಲ್ಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ, ಮಗನಿಂದ ಎರಡು ಸಲ ಓದಿಸಿದ್ದೇನೆ. ಬಸ್ಸಿನಲ್ಲಿ ಐದು ರೂಪಾಯಿಯ ಲಗೇಜಿಗೂ ಹಿಂದೆ ನಿಯಮ ಅಚ್ಚು ಹಾಕಿದ ಚೀಟಿ ಕೊಡುತ್ತಿದ್ದೆವು. 70 ಗ್ರೇ ತೆಗೆದುಕೊಂಡವನ ಕೈಗೆ, ಮುಂದೆ ಇಂತಿಂಥದು ಬರಬಹುದು, ಯಾರೇ ಆಗಲಿ ಹಲ್ಲಿಗೆ ಇಕ್ಕಳ ಹಾಕುವ ಮೊದಲು ನಮ್ಮನ್ನು ಕೇಳಿ ಎಂದು ಕನ್ನಡದಲ್ಲಿ ಒಂದು ಚೀಟಿ ಕೊಡಲು ಎಷ್ಟು ಖರ್ಚು? ನಾನೇ ಒಂದು ಬರೆದು, ಲ್ಯಾಮಿನೇಷನ್ ಮಾಡಿಸಿ ಪಾಕೀಟಿನಲ್ಲಿ ಇಟ್ಟುಕೊಂಡಿದ್ದೇನೆ: ಯಾವ ವರ್ಷ, ಎಷ್ಟು ಗ್ರೇ, ಯಾವ ಭಾಗಕ್ಕೆ.

ಈಗ ದಿನಾ ರಾತ್ರಿ ಹಲ್ಲಿಗೆ ಫ್ಲೋರೈಡ್ ಜೆಲ್ ಹಚ್ಚಿಕೊಳ್ಳುತ್ತೇನೆ. ಇದರಲ್ಲೊಂದು ವ್ಯಂಗ್ಯವಿದೆ. ನಮ್ಮ ಮುಂಡರಗಿ ತಾಲೂಕಿನ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡು ಹೆಚ್ಚು. ನನ್ನ ವಾರಿಗೆಯ ಹಲವರ ಹಲ್ಲು ಅದೇ ಕಾರಣಕ್ಕೆ ಕಂದುಗಟ್ಟಿವೆ. ಪುಕ್ಕಟೆ ಸಿಕ್ಕಾಗ ಶಾಪ ಹಾಕಿದ ವಸ್ತುವನ್ನು ಈಗ ಟ್ಯೂಬಿನಲ್ಲಿ ದುಡ್ಡು ಕೊಟ್ಟು ತರುತ್ತೇನೆ.

ಬಾಯಿ ತೆರೆಯುವುದಕ್ಕೂ ದಿನಾ ದುಡಿಯಬೇಕು. ಸರಿಯಾದ ಬಾಯಲ್ಲಿ ಮೂರು ಬೆರಳು ಮೇಲೆ ಕೆಳಗೆ ನಿಲ್ಲುತ್ತವೆ. 35 ಮಿಲಿಮೀಟರಿಗಿಂತ ಕಡಿಮೆಯಾದರೆ ಬಿಗಿದಿದೆ ಎಂದು ಲೆಕ್ಕ. ನನ್ನದು ಒಂದೂವರೆ ಬೆರಳಿಗೆ ಇಳಿದಿತ್ತು. ಮೊಮ್ಮಗ ತಿಂದೆಸೆದ ಐಸ್‌ಕ್ರೀಮ್ ಕಡ್ಡಿಗಳನ್ನು ತೊಳೆದು, ಕುದಿಸಿ, ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ತೂರಿಸಿ ಹಿಡಿಯುವುದು, ವಾರಕ್ಕೊಂದು ಕಡ್ಡಿ ಏರಿಸಲು ನೋಡುವುದು. ಹನ್ನೊಂದು ಕಡ್ಡಿಯಿಂದ ಶುರುಮಾಡಿ ಹದಿನಾರಕ್ಕೆ ಬಂದಿದ್ದೇನೆ. ನಾಲ್ಕು ದಿನ ಬಿಟ್ಟರೆ ಹದಿನಾಲ್ಕು. ಟಿವಿಯಲ್ಲಿ ವಾರ್ತೆ ಬರುವಾಗ ಮಾಡುತ್ತೇನೆ. ಆ ಹೊತ್ತಿಗೆ ಬಾಯಿ ಬಿಟ್ಟುಕೊಂಡಿರುವುದು ಹೇಗೂ ಸಹಜವಾಗಿಯೇ ಕಾಣುತ್ತದೆ.

ಥೈರಾಯ್ಡ್ ಕೂಡ ಕುತ್ತಿಗೆಯಲ್ಲೇ ಇರುವುದರಿಂದ ಅದಕ್ಕೂ ಪಾಲು ಬಿದ್ದಿತ್ತು. 2015ರಲ್ಲಿ ಹಗಲೆಲ್ಲ ನಿದ್ದೆ, ಬೇಸಿಗೆಯಲ್ಲೂ ಚಳಿ, ಮುಖ ಬಾತದ್ದು. ವಯಸ್ಸಾಯಿತು ಎಂದೇ ಎಲ್ಲರೂ ಅಂದರು, ನಾನೂ ಅಂದೆ. ಟಿಎಸ್‌ಎಚ್ ಎಂಬ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಕುತ್ತಿಗೆಗೆ ವಿಕಿರಣ ಪಡೆದವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದನ್ನು ಮಾಡಿಸಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಗುಳಿಗೆ, ಅರ್ಧ ತಾಸಾದರೂ ಚಹಾ ಇಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳವೂ ವರ್ಷಗಳ ಮೇಲೆ ಕಟ್ಟಿಕೊಳ್ಳಬಹುದಂತೆ, ಲಕ್ವಾ ಹೊಡೆಯುವ ಭಯ. ಹಾಗಾಗಿ ಬಿಪಿ, ಸಕ್ಕರೆಯ ಮೇಲೂ ಕಣ್ಣು.

ಕೆಲಸಕ್ಕೆ ಮರಳಿದಾಗ ಒದರಲು ಆಗಲಿಲ್ಲ. ಎರಡು ಸ್ಟಾಪು ಒದರಿದರೆ ಗಂಟಲು ಮರಳುಗಾಡು. ಮೇಲಿನವರು ಮನುಷ್ಯರು, ಡಿಪೋದ ಕ್ಯಾಶ್ ಸೆಕ್ಷನ್ನಿಗೆ ಹಾಕಿದರು. ಅಲ್ಲಿ ನೋಟು ಎಣಿಸಬೇಕು, ಎಣಿಸಲು ಬೆರಳು ತೋಯಬೇಕು. ಒದ್ದೆ ಸ್ಪಂಜಿನ ಒಂದು ಪ್ಲಾಸ್ಟಿಕ್ ಡಬ್ಬಿ ತಂದಿಟ್ಟುಕೊಂಡೆ. ನಿವೃತ್ತಿಯ ದಿನ ಅದನ್ನು ಮನೆಗೆ ತಂದೆ, ಸರ್ಕಾರಿ ಆಸ್ತಿಯಾಗಿದ್ದರೆ ಕ್ಷಮೆಯಿರಲಿ.

ಇವತ್ತು ಚಿಕಿತ್ಸೆಗೆ ಹೋಗುವವರಿಗೆ ನನ್ನಷ್ಟು ಕಷ್ಟ ಬರಲೇಬೇಕೆಂದಿಲ್ಲ. ಕಿರಣದ ತೀವ್ರತೆಯನ್ನು ಜಾಗಜಾಗಕ್ಕೆ ಹೆಚ್ಚುಕಡಿಮೆ ಮಾಡಿ, ಕಿವಿಯ ಮುಂದಿನ ಗ್ರಂಥಿಗಳನ್ನು ಆದಷ್ಟು ತಪ್ಪಿಸಿ ಕೊಡುವ ಐಎಂಆರ್‌ಟಿ ಎಂಬ ವಿಧಾನವಿದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಹಳೆಯ ವಿಧಾನದವರಲ್ಲಿ ಒಂದು ವರ್ಷದ ಮೇಲೂ ನೂರಕ್ಕೆ 74 ಜನರಿಗೆ ಬಾಯಿ ಗಣನೀಯವಾಗಿ ಒಣಗಿತ್ತು. ಈ ವಿಧಾನದವರಲ್ಲಿ 38. ನನ್ನದು ಹಳೆಯ ವಿಧಾನ. ಐಎಂಆರ್‌ಟಿ ಸಿಗುತ್ತದೆಯೇ, ನನ್ನ ರೋಗಕ್ಕೆ ಹೊಂದುತ್ತದೆಯೇ ಎಂದು ಕೇಳಲು ನನಗೆ ತಿಳಿದಿರಲಿಲ್ಲ. ಕೇಳಿ. ಇನ್ನೊಂದು ಮಾತು: ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ ಉಂಟು, ಜೊತೆಗಾರರಿಗೂ ಬಹುಪಾಲು. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಜೀವಮಾನವೆಲ್ಲ ಬಸ್ಸಿನವನಾಗಿ ರೈಲಿನ ಗುಣಗಾನ ಮಾಡುತ್ತಿದ್ದೇನೆ, ಡಿಪೋದವರು ಓದದಿದ್ದರೆ ಸಾಕು.

ತಿಂಗಳ ಮೊದಲ ಭಾನುವಾರ ಸಂಜೆ ಮದ್ದೂರಿನ ಗೌಡರ ಫೋನು ಬರುತ್ತದೆ. ನಾನು ತಂಬಿಗೆ ತುಂಬಿಸಿಕೊಂಡು ಕಟ್ಟೆಗೆ ಬರುತ್ತೇನೆ. "ಕಂಡಕ್ಟ್ರೇ, ಚೆಂದಾಗಿದ್ದೀರಾ?" ಎನ್ನುತ್ತಾರೆ, ಆಚೆಯಿಂದ ಗುಟುಕ್ ಎಂಬ ಸದ್ದು. "ಅರಾಮ ಅದೀನ್ರಿ" ಎನ್ನುತ್ತೇನೆ, ಈಚೆಯಿಂದ ಗುಟುಕ್. ಕಡ್ಡಿ ಎಷ್ಟಕ್ಕೆ ಬಂತು, ಮಳೆ ಹೇಗೆ, ಕಬ್ಬಿನ ದರ ಏನು. ಎರಡು ಮಾತಿಗೊಂದು ಗುಟುಕು. ಹೋದ ಭಾನುವಾರ ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವಳು, "ಮಾವಾರ, ಇದೇನ್ ಫೋನಿನ್ಯಾಗ ನೀರು ಕುಡಿಯೋ ಪಂದ್ಯಾನ?" ಎಂದಳು. ಗೌಡರಿಗೆ ಹೇಳಿದೆ. ಅವರು ನಗಲು ಹೋಗಿ, ಗಂಟಲು ಕಟ್ಟಿ, "ತಡೀರಿ" ಎಂದರು. ನಾನು ತಂಬಿಗೆ ಎತ್ತಿಕೊಂಡು ಕಾದೆ.